ಗುಜರಿಗೆ ಹಾಕುವ ಮುಂಚೆ ತಳ ನೋಡಿ

ಸಂಪಾದಕರೇ,

ಹೋದ ವಾರ ಮಂಗಳೂರು ಬಂದರಿನ ಗುಜರಿ ಅಂಗಡಿಯಲ್ಲಿ, ಹಳೇ ಕುಕ್ಕರುಗಳ ನಡುವೆ, ಸುಟ್ಟ ಮಣ್ಣಿನ ಒಂದು ಜರ್ಮನ್ ಹೂದಾನಿ ಸಿಕ್ಕಿತು. ಕಿತ್ತಳೆ ಬಣ್ಣ, ಮೇಲೆ ಬೆಲ್ಲದ ಪಾಕ ಉಕ್ಕಿ ಸೀದು ಗಟ್ಟಿಯಾದ ಹಾಗೆ ದಪ್ಪ ಕಪ್ಪು ಮೆರುಗು. ಇದಕ್ಕೆ ಸಂಗ್ರಹಕಾರರು 'ಫ್ಯಾಟ್ ಲಾವಾ' ಅನ್ನುತ್ತಾರೆ. 1960-70ರ ದಶಕದಲ್ಲಿ ಶಾಯ್ರಿಷ್, ರೂಶಾದಂಥ ಕಂಪನಿಗಳು ರಾಶಿ ರಾಶಿ ಮಾಡಿದವು. ತಳದಲ್ಲಿ 'ಡಬ್ಲ್ಯು. ಜರ್ಮನಿ' (ವೆಸ್ಟ್, ಅಂದರೆ ಪಶ್ಚಿಮ ಜರ್ಮನಿ), ಪಕ್ಕದಲ್ಲಿ 517-30. ಅಂದರೆ ಆಕಾರದ ನಂಬರು 517, ಎತ್ತರ 30 ಸೆಂಟಿಮೀಟರ್. ಪಶ್ಚಿಮ ಜರ್ಮನಿ ಇದ್ದದ್ದೇ 1949ರಿಂದ 1990ರವರೆಗೆ, ಹಾಗಾಗಿ ಅಂದಾಜು ವಯಸ್ಸು ಅಲ್ಲೇ ಸಿಕ್ಕಿತು ಅಲ್ವಾ?

ಗಾಜಿನ ಹೂದಾನಿಯಾದರೆ ಗುರುತಿಸುವುದು ಸ್ವಲ್ಪ ಕಷ್ಟ. ಎಷ್ಟೋ ಸಲ ಕಂಪನಿಯ ಹೆಸರು ಅಂಟಿಸಿದ ಚೀಟಿಯಲ್ಲಿ ಮಾತ್ರ ಇರುತ್ತಿತ್ತು, ತೊಳೆದು ತೊಳೆದು ಅದು ಹೋಗಿರುತ್ತದೆ.

ಬೇಜಾರು ಏನೆಂದರೆ, ನನಗೆ ಸಿಕ್ಕಿದ್ದನ್ನು ಯಾರೋ ಬಾತ್‌ರೂಮಿನ ಆ್ಯಸಿಡ್ ಹಾಕಿ ಉಜ್ಜಿದ್ದರು, ಒಂದು ಬದಿ ಪೂರಾ ಮಂಕಾಗಿದೆ. ಬಾಸೆಲ್ ಮಿಷನ್ನಿನವರು 1865ರಲ್ಲೇ ಹಂಚಿನ ಕಾರ್ಖಾನೆ ಶುರು ಮಾಡಿದ ಊರು ಸ್ವಾಮಿ ಇದು, ಸುಟ್ಟ ಮಣ್ಣಿನ ಬೆಲೆ ನಮಗೆ ಗೊತ್ತಿಲ್ಲದೆ ಇನ್ಯಾರಿಗೆ? ಅಜ್ಜಿ ಮನೆ ಅಟ್ಟ ಖಾಲಿ ಮಾಡುವವರು ಸುಮ್ನೆ ಒಮ್ಮೆ ತಳ ತಿರುಗಿಸಿ ನೋಡಿ. ತೊಳೆಯೋದಕ್ಕೆ ಬರೀ ನೀರು, ಮೆತ್ತನೆ ಬಟ್ಟೆ ಸಾಕು.

— ಒಬ್ಬ ಓದುಗ, ಕದ್ರಿ, ಮಂಗಳೂರು