ಅಮ್ಮಂಗೆ, ಬರ್ಮಿಂಗ್‌ಹ್ಯಾಮ್‌ನಿಂದ

ಅಮ್ಮ, ಎಲ್ಲಾ ಹೇಗಿದೀರ, ನಾನು ಚೆನ್ನಾಗಿದೀನಿ. ನಿನ್ನೆ ಫೋನಲ್ಲಿ ಅಪ್ಪ ಪಕ್ಕದಲ್ಲೇ ಕೂತಿದ್ರು, ಏನೂ ಮಾತಾಡಕ್ಕಾಗ್ಲಿಲ್ಲ, ಅದಕ್ಕೇ ಉದ್ದಕ್ಕೆ ಬರೀತಿದೀನಿ.

ಮೊದ್ಲು ಚಿಕ್ಕಪ್ಪನ ವಿಷ್ಯ. ನಾನು ಫೀಸ್ ದುಡ್ಡಲ್ಲಿ ಕಥೆ ಪತ್ರಿಕೆ ಅಚ್ಚು ಹಾಕಿಸ್ತಿದೀನಿ ಅಂತ ಅವ್ರಿಗೆ ಹೇಳಿದ್ಯಾರು, ಪುಟ್ಟಿ ತಾನೇ? ಲೆಕ್ಕ ಕೇಳು. 150 ಕಾಪಿಗೆ ಪ್ರೆಸ್ಸಿನವ್ರು 280 ಪೌಂಡ್ ತಗೊಂಡ್ರು. 150 ಸ್ಟೂಡೆಂಟ್ ಯೂನಿಯನ್ ಕೊಡ್ತು, ಇಲ್ಲಿ ಅದಕ್ಕೆ ಗಿಲ್ಡ್ ಅಂತಾರೆ. 70 ತಿಂಡಿ ಮಾರಿ ಬಂತು, ಎಲ್ಲಾರೂ ಕೇಕ್ ತಂದಿದ್ರು, ನನ್ನ ಕೊಬ್ಬರಿ ಮಿಠಾಯಿ ಅರ್ಧ ಗಂಟೇಲಿ ಖಾಲಿ! ಉಳಿದ 60 ನಾವು ಮೂರು ಜನ ತಲಾ 20 ಹಾಕಿದ್ವಿ, ಅದೂ ಮಾರಿದ ದುಡ್ಡಲ್ಲಿ ವಾಪಸ್ ಬಂದಾಯ್ತು. ಚಿಕ್ಕಪ್ಪಂಗೆ ಇನ್ನೊಂದೂ ಹೇಳು, ಇಲ್ಲಿ ಪತ್ರಿಕೆ ಹೊರಗೆ ಬಂದ ಒಂದು ತಿಂಗಳೊಳಗೆ ಒಂದು ಕಾಪಿ ಬ್ರಿಟಿಷ್ ಲೈಬ್ರರಿಗೆ ಕೊಡ್ಬೇಕು ಅಂತ ಕಾನೂನೇ ಇದೆ, ನಮ್ದೂ ಅಲ್ಲಿಗೆ ಹೋಗಿದೆ. ಅನಂತಮೂರ್ತಿಯವ್ರು 1966ರಲ್ಲಿ ಪಿಎಚ್‌ಡಿ ಮುಗಿಸಿದ್ದೂ ಇದೇ ಯೂನಿವರ್ಸಿಟೀಲಿ, ಅವ್ರೂ ಆಮೇಲೆ ಪತ್ರಿಕೆ ನಡೆಸಿದೋರೇ, ಅವ್ರನ್ನ ಯಾರೂ ದುಡ್ಡು ಹಾಳ್ಮಾಡ್ದ ಅಂದಿಲ್ಲ.

ಕಷ್ಟ ದುಡ್ಡಲ್ಲ ಅಮ್ಮ, ಜನ. ಬಂದಿದ್ದು 61 ಕಥೆ, ಹಿಡಿಸೋದು ಒಂಬತ್ತು. ಬರೆದವ್ರ ಹೆಸ್ರು ತೆಗೆದು ಓದ್ತೀವಿ, ಹಂಗೆ ಓದಿ ಬೇಡ ಅಂದ ಒಂದು ಕಥೆ ನನ್ನ ರೂಮ್‌ಮೇಟ್‌ದೇ ಆಗಿತ್ತು, ಒಂದು ವಾರ ಅವ್ಳು ಪಾತ್ರೆ ತೊಳೀಲಿಲ್ಲ. ಕೊನೆಗೆ 42 ಪುಟ ಆಯ್ತು. ಮಧ್ಯ ಪಿನ್ ಹೊಡೆಯೋ ಪುಸ್ತಕಕ್ಕೆ ಪುಟ ನಾಲ್ಕು ನಾಲ್ಕರ ಲೆಕ್ಕದಲ್ಲೇ ಇರ್ಬೇಕಂತೆ, ಅಕ್ಷರ ಸಣ್ಣ ಮಾಡಿ 40ಕ್ಕೆ ಇಳಿಸಿದ್ವಿ.

ಈಗ ಅಪ್ಪನ ಕಣ್ಣು. ಡಾಕ್ಟ್ರು ಬಲಗಣ್ಣು ಬೇಗ ಮಾಡಿಸಿ ಅಂದ್ಮೇಲೂ ಅಡಿಕೆ ರೇಟ್ ಏರ್ಲಿ, ಮಗಳ ಫೀಸ್ ಕಟ್ಲಿ, ಆಮೇಲೆ ನೋಡಣ ಅಂದ್ರೆ ಏನರ್ಥ? ಪೊರೆ ಬಲೀಲಿ ಅಂತ ಕಾಯೋದೆಲ್ಲ ಹಳೇ ಕಾಲದ್ದು. ಅರ್ಧ ಗಂಟೆ ಕೆಲ್ಸ, ಸಂಜೆ ಮನೆಗೆ ಬರ್ಬಹುದು. ಅಪ್ಪ ಕಾಲುಸಂಕ ದಾಟ್ತಾ ಜಾರಿದ್ದನ್ನ ನೀನು ನಂಗೆ ಹೇಳ್ಲಿಲ್ಲ, ಪುಟ್ಟಿ ಹೇಳಿದ್ಲು, ಅವ್ಳು ಒಳ್ಳೇದೂ ಹೇಳ್ತಾಳೆ. ಮುಂದಿನ ಕಂತು ಏಪ್ರಿಲ್‌ಗೆ, ನಾನು ಕೆಫೆ ಕೆಲ್ಸದಲ್ಲಿ ಉಳಿಸ್ತಿದೀನಿ, ವೀಸಾದಲ್ಲಿ ವಾರಕ್ಕೆ 20 ಗಂಟೆ ಅಷ್ಟೇ ಬಿಡೋದು ಆದ್ರೂ ಉಳಿಯತ್ತೆ, ಕಮ್ಮಿ ಬಿದ್ರೆ ಯೂನಿವರ್ಸಿಟೀಲಿ ಕೇಳ್ಕೋತೀನಿ. ನನ್ನ ಚಿಂತೆ ಬೇಡ, ದಿನಾ ಅನ್ನ ಸಾರು ಮಾಡ್ಕೋತಿದೀನಿ, ನಿದ್ದೆ ಚೆನ್ನಾಗಿ ಬರ್ತಿದೆ, ಪಾಠ ಒಂದೂ ತಪ್ಪಿಸಿಲ್ಲ, ಚಳೀನೂ ಇಲ್ಲ (ಇದೆ, ಆದ್ರೆ ಸ್ವೆಟರ್ ಇದೆ). ಇಲ್ಲಿ ಓಲ್ಡ್ ಜೋ ಅಂತ ಸುಮಾರು 100 ಮೀಟರ್ ಎತ್ತರದ ಗಡಿಯಾರದ ಗೋಪುರ ಇದೆ, ಗಂಟೆ ಹೊಡೆಯುವಾಗ ಅದರ ಕೆಳಗೆ ಹೋದೋರು ಫೇಲ್ ಆಗ್ತಾರಂತೆ. ನಾನು ನಂಬಲ್ಲ, ಸುತ್ತು ಹಾಕ್ಕೊಂಡು ಹೋಗ್ತೀನಿ ಅಷ್ಟೇ.

ಅಪ್ಪ ಪತ್ರಿಕೆ ಕಳ್ಸು ಅಂದ್ರಲ್ಲ, ಈಗ ಕಳ್ಸಲ್ಲ. ನನ್ನ ಹೆಸ್ರು ಎರಡನೇ ಪುಟದಲ್ಲಿ ಇರುವೆ ಸಾಲಿನ ಹಾಗಿದೆ, ಆ ಕಣ್ಣಲ್ಲಿ ಕಾಣ್ಸಲ್ಲ. ಆಪರೇಷನ್ ಡೇಟ್ ಹೇಳ್ಲಿ, ಅವತ್ತೇ ಪೋಸ್ಟ್ ಮಾಡ್ತೀನಿ.

ಡ್ಯೂಟಿಗೆ ಹೊತ್ತಾಯ್ತು, ಬಸ್ ಬಂತು. ಅಜ್ಜಿಗೆ ನಮಸ್ಕಾರ, ಉಪ್ಪಿನಕಾಯಿ ಇನ್ನೂ ಇದೆ ಕಳಿಸ್ಬೇಡ.

ನಿನ್ನ ಮಗಳು