ಲ್ಯಾಬಿನ ಅಣ್ಣನಿಗೆ ಥ್ಯಾಂಕ್ಸ್
ಮೈಸೂರಿನ ಕೊಳೆಗೇರಿಯೊಂದರ ಮಕ್ಕಳಿಗೆ ಅವರವರ ಫೋಟೊ ಕೊಡ್ತೀವಿ ಅಂತ ಮಾತು ಕೊಟ್ಟಿದ್ದೆವು. 4×6 ಅಳತೆಯ 36 ಪ್ರಿಂಟು, ಬೆಳಗಾಗುವುದರೊಳಗೆ. ಅರಸು ರಸ್ತೆ ಹತ್ತಿರದ ಲ್ಯಾಬಿಗೆ ಬಂದಾಗ ನೀವು ಷಟರ್ ಅರ್ಧ ಎಳೆದಿದ್ದಿರಿ.

ಸೂರಿನ ನೀಲಿ ಟಾರ್ಪಾಲಿನಿಂದ ಇಳಿದ ಬೆಳಕು ಮುಖಗಳಿಗೆಲ್ಲ ನೀಲಿ ಬಳಿದಿತ್ತು. ಬಾಗಿಲ ಬಿಸಿಲೂ ಚೌಕಟ್ಟಿನೊಳಗಿದ್ದರೆ ಬೆಳಕಿಗೆ ತಕ್ಕಂತೆ ಕ್ಯಾಮೆರಾ ತಾನೇ ಬಣ್ಣ ಸರಿಮಾಡುವ ಆಟೊ ವೈಟ್ ಬ್ಯಾಲೆನ್ಸ್ ಸೋಲುತ್ತದೆ. ನೀವು ಮತ್ತೆ ಕೂತು, ಕ್ಯಾಮೆರಾ ಬಣ್ಣ ಹೊಂದಿಸಿ ಕುಗ್ಗಿಸಿದ ಜೆಪೆಗ್ ಬಿಟ್ಟು, ಬಣ್ಣ ಆಮೇಲೂ ಚೆನ್ನಾಗಿ ತಿದ್ದಬಹುದಾದ ರಾ ಫೈಲ್ ಕೇಳಿದಿರಿ. ನೆರಳಲ್ಲಿದ್ದ ಹುಡುಗಿಯ ಬಿಳಿ ರಿಬ್ಬನ್ ಮೇಲೆ ಕ್ಲಿಕ್ ಮಾಡಿ ಬಣ್ಣ ಹೊಂದಿಸಿದಿರಿ. ಮೊದಲ ಪ್ರಿಂಟನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಹಳದಿ ಒಂಚೂರು ಇಳಿಸಿದಿರಿ. ಯಾರ ಮುಖವನ್ನೂ ಬೆಳ್ಳಗೆ ಮಾಡಲಿಲ್ಲ. ಅದೇ ದೊಡ್ಡದು.

ಅಂಟಿಕೊಳ್ಳದಿರಲಿ ಅಂತ ಒಂದೊಂದನ್ನೂ ಬೇರೆ ಕವರಿಗೆ ಹಾಕಿದಿರಿ. ಹೆಸರು ಕೇಳುವುದೇ ಮರೆಯಿತು. ತುಂಬಾ ಥ್ಯಾಂಕ್ಸ್ ಅಣ್ಣ.