ಅಮೆರಿಕಕ್ಕೆ ಹೊರಟ ಹಿರಿಯರಿಗೆ ಟ್ರಾವೆಲ್ ಇನ್ಶೂರೆನ್ಸ್

ಎಲ್ಲರಿಗೂ ನಮಸ್ಕಾರ. ಮಕ್ಕಳ ಮನೆಗೆ ಹೊರಟಿರುವ ಹಿರಿಯರು ದಯವಿಟ್ಟು ಇದನ್ನು ಪೂರ್ತಿ ಓದಿ.

ಯುರೋಪಿನ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ, ಅಲ್ಲಿ ಚರ್ಚೆಯೇ ಇಲ್ಲ. ಅಮೆರಿಕದ ಪ್ರವಾಸಿ ವೀಸಾಕ್ಕೆ ಯಾರೂ ಕೇಳುವುದಿಲ್ಲ. ಆದರೆ ವಿಮೆ ತೀರಾ ಅಗತ್ಯವಿರುವುದು ಅಲ್ಲೇ. ಖಂಡಿತ ಮಾಡಿಸಿ.

ದೊಡ್ಡ ಮೊತ್ತ ನೋಡಿ ನಂಬಬೇಡಿ. 1 ಲಕ್ಷ ಡಾಲರ್ ಎಂದು ಬರೆದಿದ್ದರೂ, 60 ದಾಟಿದವರ ಹಲವು ಪಾಲಿಸಿಗಳಲ್ಲಿ ರೂಮು, ಐಸಿಯು, ಆಪರೇಷನ್ ಒಂದೊಂದಕ್ಕೂ ಬೇರೆ ಮಿತಿ ಇರುತ್ತದೆ. ರೂಮಿಗೆ ದಿನಕ್ಕೆ 1,500 ಡಾಲರ್ ಮಿತಿಯಿದ್ದು ಒಂದು ದಿನದ ಬಿಲ್ 6,000 ಬಂದರೆ, ಉಳಿದ 4,500 ಕೈಯಿಂದಲೇ ಕಟ್ಟಬೇಕು. ಇಂಥ ಒಳಮಿತಿ, ಅಂದರೆ ‘ಸಬ್‌ಲಿಮಿಟ್’ ಇಲ್ಲದ ಪಾಲಿಸಿಯನ್ನೇ ಕೇಳಿ, ಪ್ರೀಮಿಯಂ ಸ್ವಲ್ಪ ಹೆಚ್ಚಾದರೂ ಸರಿ. ಡಿಡಕ್ಟಿಬಲ್ ಎಷ್ಟೆಂದೂ ನೋಡಿಕೊಳ್ಳಿ. ಅಷ್ಟು ಹಣ ಮೊದಲು ನಾವೇ ಕೊಡಬೇಕು.

ಬಿಪಿ, ಶುಗರ್, ಸ್ಟೆಂಟ್ ಯಾವುದನ್ನೂ ಮುಚ್ಚಿಡಬೇಡಿ. ಫಾರಂನಲ್ಲಿ ಬರೆಯದೆ ಬಿಟ್ಟರೆ ಕ್ಲೇಮ್ ತಳ್ಳಿಹಾಕಲು ಅದೊಂದೇ ಸಾಕು. ಬರೆದರೂ, ಹಳೆಯ ಕಾಯಿಲೆಗೆ ಬಹುಪಾಲು ಪಾಲಿಸಿಗಳು ಜೀವಕ್ಕೆ ಅಪಾಯವಿರುವ ತುರ್ತು ಸ್ಥಿತಿಯಲ್ಲಿ ಮಾತ್ರ ಹಣ ಕೊಡುತ್ತವೆ. ಮಾಮೂಲಿ ಚೆಕಪ್, ಮಾತ್ರೆ ಅದರಲ್ಲಿ ಬರುವುದಿಲ್ಲ. ಅಷ್ಟೂ ದಿನಕ್ಕಾಗುವ ಮಾತ್ರೆ, ಜೊತೆಗೆ ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ.

ನಮ್ಮ ದೇಶದ ಕಂಪನಿಯ ಪಾಲಿಸಿಯನ್ನು ವಿಮಾನ ಹತ್ತುವ ಮುನ್ನವೇ ಕೊಳ್ಳಿ. ಅಲ್ಲೇ ಹೆಚ್ಚು ದಿನ ಉಳಿಯುವುದಾದರೆ ಅವಧಿ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿ. ಆಸ್ಪತ್ರೆಗೆ ಸೇರಿದ ಕೂಡಲೇ ವಿಮಾ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಬೇಕು; ಆ ನಂಬರನ್ನೂ ಪಾಲಿಸಿ ನಂಬರನ್ನೂ ಮಗ, ಸೊಸೆ, ಮಗಳು, ಅಳಿಯ ಎಲ್ಲರ ಫೋನಿಗೂ ಇವತ್ತೇ ಕಳಿಸಿಡಿ.